ಟಿಟ್ವಾಳಾದಲ್ಲಿ ತೆಗೆದ ಫೋಟೋ

ಡೊಂಬಿವಲಿ ಪೂರ್ವ
೩ ಸೆಪ್ಟೆಂಬರ್ ೨೦೨೪

'ಹಳಿಪಕ್ಕ' ಸುದ್ದಿತಾಣ ನಡೆಸುವವರಿಗೆ,

ನಮಸ್ಕಾರ. ನಾನು ಚಂಪಾ ಕೋಟ್ಯಾನ್. ಜುಲೈ ತಿಂಗಳಲ್ಲಿ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಕ್ರೇನಿನಲ್ಲಿ ಭಾರ ಕಟ್ಟುವ ಪಟ್ಟಿ ಹರಿದು, ತಗಡಿನ ಕಟ್ಟು ಮೈಮೇಲೆ ಬಿದ್ದು ತೀರಿಕೊಂಡ ಕೌಶಲ್ ನನ್ನ ಮಗ. ಮೊಬೈಲಿನಲ್ಲಿ ಬರೆಯಲು ನನಗೆ ಬರುವುದಿಲ್ಲ. ನಿಮ್ಮ ಸೈಟಿನ ಕೆಳಗೆ ಮಾಜಿವಾಡಾದ ಒಂದು ವಿಳಾಸ ಉಂಟು ಅಂತ ಪಕ್ಕದ ಮನೆಯ ಮಾನಸಿ ಬರೆದುಕೊಟ್ಟಳು. ಅದಕ್ಕೆ ಕಳಿಸುತ್ತಿದ್ದೇನೆ.

ನೀವು ಬರೆದ ಸುದ್ದಿಯ ಬಗ್ಗೆ ನನ್ನದು ತಕರಾರಿಲ್ಲ. ಪಟ್ಟಿ ಹಳತಾಗಿತ್ತು, ಹುಡುಗರು ಹೇಳಿದರೂ ಬದಲಿಸಲಿಲ್ಲ ಅಂತ ಬರೆದಿದ್ದೀರಿ. ನಮ್ಮವರು, ಕೌಶಲನ ಅಪ್ಪ, ಅದನ್ನು ಮತ್ತೆ ಮತ್ತೆ ಓದಿದರು. ಆದರೆ ಆ ಫೋಟೋ? ಮಾನಸಿ ಕಾಲೇಜಿನಿಂದ ಬಂದವಳು ಚಪ್ಪಲಿ ಸಹ ಬಿಡದೆ ಒಳಗೆ ಬಂದು, "ಕಾಕೂ, ಹಾ ಕೌಶಲ್ ದಾದಾಚ್ ಆಹೇ ನಾ?" ಅಂತ, ಇದು ಕೌಶಲಣ್ಣನೇ ಅಲ್ವಾ ಅಂತ, ಮೊಬೈಲು ಮುಖಕ್ಕೆ ಹಿಡಿದಳು. ಒದ್ದೆ ಬನಿಯನ್ನು, ಕೈಯಲ್ಲಿ ಬಿಯರಿನ ಗ್ಲಾಸು. ನಾನು ಅಲ್ಲ ಅಂದುಬಿಟ್ಟೆ. ಆಮೇಲೆ ಒಳಗೆ ಹೋಗಿ ಕೂತೆ.

ಈಗ ಎಲ್ಲರೂ ನೋಡಿದ್ದಾರೆ. ಸಂಘದ ಭಜನೆಗೆ ಹೋದರೆ ಒಬ್ಬರು ನನ್ನ ಕೈ ಹಿಡಿದು, "ಮಕ್ಕಳು ಹೊರಗೆ ಎಂತ ಮಾಡ್ತಾರೆ ಅಂತ ನಮಗೆ ಎಲ್ಲಿ ಗೊತ್ತಾಗ್ತದೆ ಚಂಪಕ್ಕ" ಅಂದರು. ಸಮಾಧಾನಕ್ಕೇ ಹೇಳಿದ್ದಿರಬಹುದು. ನಮ್ಮವರು ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲಿನ ಗಲ್ಲೆಯಲ್ಲಿ ಕೂರುವುದು. ಗುರುತಿನವರು ಬಂದರೆ ತಲೆ ತಗ್ಗಿಸಿ ನೋಟು ಎಣಿಸುತ್ತಾರಂತೆ.

ಆ ಫೋಟೋ ನಾವು ಕೊಟ್ಟದ್ದಲ್ಲ. ನಮ್ಮನ್ನು ನೀವು ಕೇಳಿದ್ದೂ ಇಲ್ಲ. ದಯಮಾಡಿ ಅದನ್ನು ತೆಗೆದುಬಿಡಿ.

ಇಂತಿ,
ಚಂಪಾ ವಾಸು ಕೋಟ್ಯಾನ್


ಮಾಜಿವಾಡಾ, ಠಾಣೆ
೧೧ ಸೆಪ್ಟೆಂಬರ್ ೨೦೨೪

ಮಾನ್ಯ ಚಂಪಾ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಕೌಶಲ್ ಬಗ್ಗೆ ವರದಿ ಬರೆದವನು ನಾನೇ. ನನ್ನ ಊರು ಕಲಬುರಗಿ ಕಡೆಯದು, ಇಲ್ಲಿ ಒಂದು ಸಾಗಾಣಿಕೆ ಕಂಪನಿಯಲ್ಲಿ ಕಾಗದಪತ್ರ ತಪಾಸಣೆ ಮಾಡುವ ನೌಕರಿ. 'ಹಳಿಪಕ್ಕ'ದಲ್ಲಿ ಯಾರಿಗೂ ಪಗಾರ ಇಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ಆಚೆ ನವಿ ಮುಂಬಯಿ, ಇಲ್ಲೆಲ್ಲ ಇರುವ ಕನ್ನಡದವರು ಬಿಡುವಾದಾಗ ಕೂಡಿ ಬರೆಯುತ್ತೇವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಹಿಂಗಾಗಿ ಎಲ್ಲದಕ್ಕೂ ಬರೆದಿಟ್ಟ ನಿಯಮ ಬೇಕಾಗುತ್ತದೆ, ಇಲ್ಲದಿದ್ದರೆ ದಿನಾ ಜಗಳ. ಚಿತ್ರಗಳ ನಿಯಮ ಬರೆದವನೂ ನಾನೇ.

ನಿಯಮ ಹೀಗಿದೆ. ಚಿತ್ರ ತೆಗೆದವರು ಒಪ್ಪಿಗೆ ಕೊಟ್ಟದ್ದನ್ನೇ ಹಾಕಬೇಕು. ಅಂಥದ್ದು ಸಿಗದೇ ಹೋದರೆ, ಮತ್ತು ಚಿತ್ರವಿಲ್ಲದೆ ಸುದ್ದಿ ಅರ್ಧವಾಗುವುದಾದರೆ, ಬೇರೆಯವರ ಚಿತ್ರವನ್ನು ಸಣ್ಣದಾಗಿ, ಬೇಕಾದಷ್ಟು ಭಾಗ ಮಾತ್ರ, ಕಾರಣ ಬರೆದು ಬಳಸಬಹುದು. ಇದಕ್ಕೆ ಫೇರ್ ಯೂಸ್ ಅನ್ನುತ್ತೇವೆ. ತೀರಿಹೋದವರ ಹೊಸ ಚಿತ್ರ ಇನ್ನು ಯಾರಿಗೂ ತೆಗೆಯಲು ಬರುವುದಿಲ್ಲ. ಆದ್ದರಿಂದ ಕೌಶಲ್ ಚಿತ್ರ ಆ ನಿಯಮದೊಳಗೆ ಬಂತು. ಅವರ ಗೆಳೆಯ ಯೋಗೀಶ್ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದ ಚಿತ್ರ ಅದು.

ತಾಯೀ, ಒಂದು ಮಾತು ಖರೆ ಹೇಳುತ್ತೇನೆ. ಹೋದ ವರ್ಷ ಅದೇ ಮಾರ್ಕೆಟಿನಲ್ಲಿ ಬಿಹಾರದ ಒಬ್ಬ ಕೂಲಿಯವ ಹೀಗೆಯೇ ಸತ್ತ. ಆಗಲೂ ಬರೆದಿದ್ದೆ. ಮುಖ ಇರಲಿಲ್ಲ, ಗೋದಾಮಿನ ಬಾಗಿಲಿನ ಚಿತ್ರ ಇತ್ತು. ಯಾರೂ ಓದಲಿಲ್ಲ. ಈ ಸಲ ನಗುವ ಹುಡುಗನ ಮುಖ ನೋಡಿದ ಮೇಲೆ ಮರಾಠಿ ಪೇಪರಿನವರು ಎತ್ತಿಕೊಂಡರು, ಕಾರ್ಮಿಕ ಇಲಾಖೆಯವರು ಗೋದಾಮಿಗೆ ಬಂದರು, ವಿಚಾರಣೆ ಶುರುವಾಯಿತು. ಅದನ್ನು ತೆಗೆದರೆ ಸುದ್ದಿ ಮತ್ತೆ ಮಣ್ಣಾಗುತ್ತದೆ ಅಂತ ನನಗೆ ಭಯ.

ನಾನೊಬ್ಬನೇ ತೆಗೆಯುವ ಅಧಿಕಾರವೂ ನನಗಿಲ್ಲ, ಸದಸ್ಯರೆಲ್ಲ ಚರ್ಚಿಸಬೇಕು. ಒಂದು ದಾರಿ ಇದೆ. ಕೌಶಲ್ ಅವರ ಬೇರೆ ಚಿತ್ರವನ್ನು ನೀವು ಮುಕ್ತವಾಗಿ ಬಿಟ್ಟುಕೊಟ್ಟರೆ, ಆ ದಿನವೇ ಈಗಿನದು ಹೋಗುತ್ತದೆ. ಒಪ್ಪಿಗೆಯ ಒಕ್ಕಣೆ ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ ದುಃಖದಲ್ಲಿ ಪಾಲುದಾರ,
ಅಂಬರೀಶ ಕಟ್ಟಿಮನಿ


ಡೊಂಬಿವಲಿ ಪೂರ್ವ
೨೨ ಸೆಪ್ಟೆಂಬರ್ ೨೦೨೪

ಅಂಬರೀಶರೇ,

ನಿಮ್ಮ ಒಕ್ಕಣೆ ಮಾನಸಿ ಓದಿ ಹೇಳಿದಳು. ಯಾರು ಬೇಕಾದರೂ ಈ ಚಿತ್ರ ಬಳಸಬಹುದು, ಬದಲಿಸಬಹುದು, ಮಾರಲೂಬಹುದು, ಯಾವತ್ತೂ ಹಿಂದೆ ಕೇಳುವಂತಿಲ್ಲ, ಹಾಗೆ ಬರೆದಿದೆಯಂತೆ. ಅವಳಿಗೂ ಓದುತ್ತಾ ಓದುತ್ತಾ ಸ್ವರ ಸಣ್ಣದಾಯಿತು.

ನಮ್ಮವರು ಊಟದ ಬಟ್ಟಲು ದೂಡಿ ಎದ್ದರು. "ಅವನ ಮುಖವನ್ನು ಬಜಾರಿನಲ್ಲಿ ಇಡ್ಲಿಕ್ಕೆ ನಾನು ಸೈನ್ ಹಾಕ್ಬೇಕಾ? ಒಂದು ಮುಖ ತೆಗೀಲಿಕ್ಕೆ ಇನ್ನೊಂದು ಮುಖ ಕೊಡ್ಬೇಕಾ?" ಅಂದರು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಉಂಟಾ?

ಅವರು ಹೋಟೆಲಿಗೆ ಹೋದ ಮೇಲೆ ನಾನು ಸಹಿ ಹಾಕಿದೆ. ಗೋಡೆಯಲ್ಲಿ ಹಾರ ಹಾಕಿಟ್ಟ ಫೋಟೋದ ಪ್ರತಿಯನ್ನು ಸ್ಟುಡಿಯೋದವನಿಂದ ತೆಗೆಸಿ ಇಟ್ಟಿದ್ದೇನೆ. ಅವನೂ ಸಹಿ ಹಾಕಿದ್ದಾನೆ. ನೀವು ಕಾಯ್ದೆಯವರು, ಕೇಳುತ್ತೀರಿ ಅಂತ. ಇದರಲ್ಲಿ ಕೌಶಲ್ ಕೋಟು ಹಾಕಿ ನೇರ ನೋಡುತ್ತಿದ್ದಾನೆ. ಇದು ನಮ್ಮ ಮಗ. ಇದನ್ನು ಹಾಕಿ.

ಚಂಪಾ ಕೋಟ್ಯಾನ್


ಮಾಜಿವಾಡಾ
೫ ಅಕ್ಟೋಬರ್ ೨೦೨೪

ಮಾನ್ಯ ಚಂಪಾ ಅವರಿಗೆ,

ಈ ಪತ್ರ ಬರೆಯಲು ತಡವಾಯಿತು. ತಡ ಆದದ್ದಲ್ಲ, ನಾನೇ ತಡ ಮಾಡಿದೆ.

ನೀವು ಕಳಿಸಿದ ಚಿತ್ರವನ್ನು ಹಾಕಿದೆ. ಆದರೆ ಕಲ್ಯಾಣದ ಅನಘ ಎನ್ನುವವರು ನಮ್ಮಲ್ಲಿ ಚಿತ್ರಗಳನ್ನು ಪರಿಶೀಲಿಸುತ್ತಾರೆ. ಅವರು ಅದೇ ದಿನ ಅದನ್ನು ಇಳಿಸಿ ಹಳೆಯದನ್ನೇ ಮರಳಿ ಹಾಕಿದರು. ಕೋಟು ಕೌಶಲ್ ಅವರದಲ್ಲ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಕೂಡಿಸಿದ್ದು. ಅದೇ ಕೋಟು, ಅದೇ ಟೈ, ಬೇರೊಬ್ಬರ ಶ್ರದ್ಧಾಂಜಲಿಯ ಜಾಹೀರಾತಿನಲ್ಲೂ ಇರುವುದನ್ನು ಅವರು ತೋರಿಸಿದರು. ಸುದ್ದಿಯಲ್ಲಿ ಬದಲಿಸಿದ ಚಿತ್ರ ಬರಕೂಡದು ಅಂತ ಇನ್ನೊಂದು ನಿಯಮ. ಅದನ್ನೂ ನಾನೇ ಬರೆದದ್ದು.

ಕೋಟು ಕೂಡಿಸುವ ಮುಂಚಿನ ಮೂಲ ಚಿತ್ರ ಇದ್ದರೆ ಕಳಿಸಿ. ಇಲ್ಲವಾದರೆ ಉಳಿಯುವ ದಾರಿ ಒಂದೇ. ಈಗಿನ ಚಿತ್ರ ತೆಗೆದವರು ಯೋಗೀಶ್. ಕಾಯ್ದೆಯ ಪ್ರಕಾರ ಚಿತ್ರ ತೆಗೆದವರದ್ದು, ಅದರಲ್ಲಿ ಇರುವವರದ್ದಲ್ಲ. ಅವರು ಬೇಡ ಅಂದರೆ ನಮ್ಮ ಮಂದಿ ಕೇಳಲೇಬೇಕು. ನಾನು ಅವರಿಗೆ ಮೆಸೇಜು ಹಾಕಿದ್ದೆ. ಅವರ ಖಾತೆ ಈಗ ಮುಚ್ಚಿದೆ.

ನಿಮ್ಮ ಯಜಮಾನರು ಕೇಳಿದ್ದು ಸರಿಯೇ ಇದೆ.

ಅಂಬರೀಶ


ಡೊಂಬಿವಲಿ ಪೂರ್ವ
೨೪ ಅಕ್ಟೋಬರ್ ೨೦೨೪

ಪ್ರೀತಿಯ ಯೋಗೀಶ,

ನೀನು ಫೋನು ತೆಗೆಯುವುದಿಲ್ಲ. ಅದಕ್ಕೆ ವಿಠ್ಠಲವಾಡಿಯ ನಿನ್ನ ಮನೆಗೇ ಬರೆಯುತ್ತಿದ್ದೇನೆ. ನಿನ್ನ ಅಮ್ಮ ಸುಂದರಿ ಓದಿದರೂ ತೊಂದರೆ ಇಲ್ಲ.

ನಿನ್ನೆ ಇಲಾಖೆಯ ಆಫೀಸಿನಲ್ಲಿ ವಿಚಾರಣೆ ಇತ್ತು. ನಾವಿಬ್ಬರೂ ಹೋಗಿದ್ದೆವು. ನಿಮ್ಮ ಮಾಲಕರ ವಕೀಲರು ಒಂದು ದೊಡ್ಡ ಕಲರ್ ಪ್ರಿಂಟು ತೆಗೆದು ಮೇಜಿನ ಮೇಲೆ ಇಟ್ಟರು. ನೀನು ತೆಗೆದ ಅದೇ ಫೋಟೋ. ಕೆಳಗೆ 'ಹಳಿಪಕ್ಕ' ಅಂತ ಸೈಟಿನ ಹೆಸರು. "ಸಾಬ್, ಇದು ಅಪಘಾತದ ಹಿಂದಿನ ದಿನ, ಭಾನುವಾರದ ಪಾರ್ಟಿ. ಸೋಮವಾರ ಬೆಳಿಗ್ಗೆ ನಶೆ ಇಳಿಯದೆ ಕ್ರೇನಿನ ಅಡಿಗೆ ಹೋದ. ಪಟ್ಟಿಯದ್ದು ಎಂತ ತಪ್ಪು?" ಅಂದರು. ಅವತ್ತು ಅವನ ರಕ್ತ ಯಾರೂ ಪರೀಕ್ಷೆ ಮಾಡಿಸಲಿಲ್ಲವಂತೆ. ಹಾಗಾಗಿ ಈಗ ಫೋಟೋವೇ ಪರೀಕ್ಷೆ.

ನಾನು ಎದ್ದು ನಿಂತೆ. ಭಾನುವಾರ ಅವನು ಮನೆಯಲ್ಲೇ ಇದ್ದ, ಬಂಗುಡೆ ಪುಳಿಮುಂಚಿ ಮಾಡಿದ್ದೆ, ಉಂಡು ಸಂಜೆವರೆಗೆ ಮಲಗಿದ್ದ ಅಂದೆ. ಆಫೀಸರು ಒಳ್ಳೆಯವರೇ, ನೀರು ತರಿಸಿಕೊಟ್ಟರು. ಆದರೆ "ಆಯೀ ತರ ಅಸಂಚ್ ಮ್ಹಣಣಾರ್" ಅಂದರು. ತಾಯಿ ಹಾಗೇ ಹೇಳುವುದಲ್ವಾ ಅಂತ. ಬರುವಾಗ ಪನ್ವೇಲ್ ಬಸ್ಸಿನಲ್ಲಿ ನಮ್ಮವರು ಕಿಟಕಿ ಕಡೆ ಮುಖ ಮಾಡಿ, "ಅವನು ಕುಡೀತಿದ್ನಾ?" ಅಂತ ನನ್ನ ಹತ್ತಿರ ಕೇಳಿದರು.

ನೀನು ಗೋದಾಮಿನ ಕಾಟಾದಲ್ಲಿ ತೂಕ ಬರೆಯುವವನು. ಅವನ ಜೊತೆಯೇ ತಿಂದವನು, ಉಂಡವನು. ಆ ಫೋಟೋ ಯಾವತ್ತಿನದು ಅಂತ ನಿನಗೆ ಗೊತ್ತಿರಬೇಕು. ನಿನ್ನದು ಅಂತ ಹೇಳಿ ತೆಗೆಸು ಮಗಾ. ಇನ್ನೇನೂ ಬೇಡ ನನಗೆ.

ನಿನ್ನ,
ಚಂಪಕ್ಕ


ಡೊಂಬಿವಲಿ
೧೯ ನವೆಂಬರ್ ೨೦೨೪

ಯೋಗೀಶ,

ಕಾಗದ ಸಿಕ್ಕಿದೆ ಅಂತ ಗೊತ್ತು. ಪೋಸ್ಟಿನವರ ರಸೀದಿಯಲ್ಲಿ ನಿನ್ನ ಸಹಿ ಉಂಟು. ಸಿಟ್ಟಿಲ್ಲ. ಒಂದೇ ಒಂದು ಗೆರೆ ಬರಿ.

ಚಂಪಕ್ಕ


ವಿಠ್ಠಲವಾಡಿ
೮ ಡಿಸೆಂಬರ್ ೨೦೨೪

ಚಂಪಕ್ಕ,

ನನ್ನ ಕನ್ನಡ ಏಳನೇ ಕ್ಲಾಸಿನ ತನಕದ್ದು, ತಪ್ಪಿದ್ದರೆ ಮಾಫ್ ಮಾಡಿ. ನಿಮ್ಮ ಎರಡೂ ಕಾಗದ ದಿಂಬಿನ ಕೆಳಗೆ ಇದೆ.

ಆ ಫೋಟೋ ಜೂನ್ ಒಂಬತ್ತರದ್ದು. ನನ್ನ ಬರ್ತ್‌ಡೇ. ನಾವೆಲ್ಲ ಟಿಟ್ವಾಳಾದ ಆಚೆ ನದಿಗೆ ಹೋಗಿದ್ದೆವು, ಅಲ್ಲೇ ಕೋಳಿ ಸುಟ್ಟು ತಿಂದೆವು. ನನ್ನ ಮೊಬೈಲಿನಲ್ಲಿ ಈಗಲೂ ಉಂಟು, ತಾರೀಖು ಟೈಮು ಎಲ್ಲ ತೋರಿಸ್ತದೆ. ಸೈಟಿನವರು ಅರ್ಧ ಕಟ್ ಮಾಡಿದ್ದಾರೆ.

ನಿಮಗೆ ಸುಳ್ಳು ಹೇಳುವುದಿಲ್ಲ. ಗ್ಲಾಸಿನಲ್ಲಿ ಬಿಯರೇ ಇತ್ತು. ಅವನು ಯಾವಾಗಲೋ ಒಮ್ಮೆ ಕುಡೀತಿದ್ದ. ಡ್ಯೂಟಿಗೆ ಯಾವತ್ತೂ ಕುಡಿದು ಬಂದವನಲ್ಲ. ಆ ಸೋಮವಾರ ಬೆಳಿಗ್ಗೆ ನನ್ನ ಜೊತೆ ಚಾ ಕುಡಿದ. ಪಟ್ಟಿಯ ದಾರ ಬಿಟ್ಟಿದೆ ಅಂತ ಅವನೇ ಸೇಠ್‌ಗೆ ಹೇಳಿದ್ದು, ನಾನು ಪಕ್ಕದಲ್ಲೇ ಇದ್ದೆ. ಸೇಠ್ "ಆಜ್ ಚಲಾ ಲೇ" ಅಂದರು, ಇವತ್ತೊಂದು ದಿನ ನಡೆಸು ಅಂತ.

ಆದರೆ ನಾನು ಫೋಟೋ ನನ್ನದು ಅಂತ ಹೇಳಿದರೆ ಮುಂದಿನ ಪ್ರಶ್ನೆ ಇದೇ ಅಲ್ವಾ? ಅವತ್ತು ಬೆಳಿಗ್ಗೆ ನೀನೆಲ್ಲಿದ್ದೆ, ಎಂತ ಕೇಳಿದೆ ಅಂತ. ಇನ್‌ಸ್ಟಾ ಬಂದ್ ಮಾಡಿದ್ದು ಅದಕ್ಕೇ. ಅಮ್ಮನಿಗೆ ಡಯಾಲಿಸಿಸ್ ನಡೀತಾ ಉಂಟು. ಕೆಲಸ ಹೋದರೆ ಮಾರ್ಕೆಟಿನಲ್ಲಿ ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ, ಸೇಠ್‌ಗಳೆಲ್ಲ ಒಂದೇ.

ನನ್ನ ಮೇಲೆ ಥೂ ಅನ್ನಿ. ನಾನೂ ಅಂದುಕೊಳ್ಳುತ್ತೇನೆ.

ಯೋಗೀಶ್ ಮೆಂಡನ್


ಮಾಜಿವಾಡಾ
೧೩ ಜನವರಿ ೨೦೨೫

ಚಂಪಾ ಅಮ್ಮನವರಿಗೆ,

ವಿಚಾರಣೆಯಲ್ಲಿ ವಕೀಲರು ನಮ್ಮ ಸೈಟಿನ ಪ್ರಿಂಟನ್ನೇ ತೋರಿಸಿದ್ದು ನನಗೆ ಈಚೆಗೆ ತಿಳಿಯಿತು. ನಿಮ್ಮಿಂದಲ್ಲ, ಆ ಮರಾಠಿ ಪೇಪರಿನವರಿಂದ. ನೀವು ನನಗೆ ಯಾಕೆ ತಿಳಿಸಲಿಲ್ಲ ಅಂತ ಕೇಳುವ ಯೋಗ್ಯತೆ ನನಗಿಲ್ಲ.

ಅದೇ ಸಂಜೆ ಚಿತ್ರವನ್ನು ನಾನೇ ತೆಗೆದೆ. ಚರ್ಚೆಗೆ ಹಾಕಲಿಲ್ಲ, ಮತ ಕೇಳಲಿಲ್ಲ. ಅನಘ ಮರಳಿ ಹಾಕಿದರು. ನಾನು ಮತ್ತೆ ತೆಗೆದೆ. ಅವರು ಫೋನ್ ಮಾಡಿ, "ಅಂಬರೀಶ್, ನಾಳೆ ಒಬ್ಬ ಬಿಲ್ಡರ್ ಬಂದು ಅತ್ತರೂ ಹೀಗೇ ತೆಗೀತೀರಾ? ನಿಯಮ ಇರೋದು ಯಾರಿಗೆ?" ಎಂದು ಕೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ನಾನು, "ಆ ತಾಯಿ ಬಿಲ್ಡರ್ ಅಲ್ಲರೀ" ಅಂದೆ.

ಸದಸ್ಯರು ಸೇರಿ ತೀರ್ಮಾನಿಸಿದರು. ಚಿತ್ರ ಇನ್ನು ಬೇಡ ಎಂದು ಹೆಚ್ಚಿನವರು ಹೇಳಿದರು. ನಿಯಮ ಮುರಿದದ್ದಕ್ಕೆ ನನ್ನ ನಿರ್ವಾಹಕನ ಜವಾಬ್ದಾರಿಯನ್ನು ಹಿಂದೆ ತೆಗೆದುಕೊಂಡರು. ಅದು ಸರಿಯೇ. ಈಗ ಆ ಪುಟದಲ್ಲಿ ಚಿತ್ರ ಇದ್ದಲ್ಲಿ ಬೂದು ಬಣ್ಣದ ಖಾಲಿ ಚೌಕ ಇದೆ. ವಕೀಲರ ಕಡತದಲ್ಲಿ ಇರುವುದನ್ನು ತೆಗೆಯಲು ನನ್ನಿಂದ ಆಗುವುದಿಲ್ಲ.

ನೀವು ಕೇಳಿದ್ದನ್ನು ಮಾಡಲು ಇಷ್ಟು ತಿಂಗಳು ಹಿಡಿಯಿತು.

ಅಂಬರೀಶ


ಡೊಂಬಿವಲಿ ಪೂರ್ವ
೧೬ ಫೆಬ್ರವರಿ ೨೦೨೫

ಅಂಬರೀಶರೇ,

ನಿಮ್ಮ ಕಾಗದ ಬಂದ ಮೇಲೆ ಮಾನಸಿಯ ಮೊಬೈಲಿನಲ್ಲಿ ಆ ಪುಟ ನೋಡಿದೆ. ಖಾಲಿ ಚೌಕ. ಅದರ ಕೆಳಗೆ 'ಕೌಶಲ್ ಕೋಟ್ಯಾನ್' ಅಂತ ಹೆಸರು ಮಾತ್ರ. ನನಗೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಅವನನ್ನು ಎರಡನೇ ಸಲ ಒಯ್ದ ಹಾಗೆ ಆಯಿತು. ನಮ್ಮವರಿಗೆ ತೋರಿಸಿದೆ. "ಹೋಯ್ತಾ?" ಅಂತ ಕೇಳಿ ಅಲ್ಲೇ ಕೂತರು, ಅಷ್ಟೆ.

ಮರುದಿನ ನಾನು ಒಬ್ಬಳೇ ವಿಠ್ಠಲವಾಡಿಗೆ ಹೋದೆ. ಯೋಗೀಶನ ಅಮ್ಮ ಸುಂದರಿ ಬಾಗಿಲು ತೆಗೆದಳು. ಕಾಲು ಬಾತುಕೊಂಡಿತ್ತು, ಆದರೂ ಚಾ ಇಡಲು ಎದ್ದಳು. ನಾವು ತುಳುವಿನಲ್ಲಿ ಊರಿನ ಸುದ್ದಿ ಮಾತಾಡಿದೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕಣ್ಣು ಒರೆಸಿಕೊಂಡು ಹೇಳಿದಳು, "ನೀನು ಎಂತಕ್ಕೆ ಬಂದದ್ದು ಅಂತ ಗೊತ್ತುಂಟು ಚಂಪಾ. ನಿನ್ನ ಮಗ ಹೋದ. ನನ್ನವನ ಕೆಲಸ ಸಹ ಹೋಗಲಿ ಅಂತ ನಾನು ಹೇಗೆ ಹೇಳಲಿ?" ನಾನು ಹೇಳಬೇಡ ಅಂದೆ. ಅವಳ ಮನೆಯಲ್ಲಿ ಕೂತು ಬೇರೆ ಎಂತ ಹೇಳಲಿ?

ಯೋಗೀಶ ಬಂದ. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತ. ನಾನು, "ನಿನ್ನನ್ನು ಒತ್ತಾಯ ಮಾಡಲಿಕ್ಕೆ ಬಂದದ್ದಲ್ಲ. ಆ ಫೋಟೋ ಪೂರ್ತಿ ಒಮ್ಮೆ ತೋರಿಸು" ಅಂದೆ.

ಅವನು ಮೊಬೈಲು ಕೈಯಲ್ಲಿ ಕೊಟ್ಟ. ನೀವು ಹಾಕಿದ್ದು ಅಂಗೈ ಅಗಲವೂ ಇರಲಿಲ್ಲ. ಇದರಲ್ಲಿ ನದಿ ಉಂಟು, ಕಲ್ಲಿನ ಒಲೆ, ಹೊಗೆ, ಬೆನ್ನು ಮಾಡಿ ಕೂತ ಹುಡುಗರು. ಕೌಶಲನ ಮುಂದೆ ಅಕ್ಕಿ ಚೀಲದ ಮೇಲೆ ಒಂದು ಕೇಕು, ಅದರಲ್ಲಿ ಯೋಗೀಶನ ಹೆಸರು, ಪಕ್ಕದಲ್ಲಿ ಯಾರೋ ಕ್ರೀಮಿನಿಂದ ಮೀಸೆ ಬಿಡಿಸಿದ್ದಾರೆ. ಕೌಶಲ ಗ್ಲಾಸು ಹಿಡಿದು ತಲೆ ಹಿಂದಕ್ಕೆ ಹಾಕಿ ನಗುತ್ತಾ ಇದ್ದಾನೆ, ಕಣ್ಣು ಮುಚ್ಚಿಹೋಗಿದೆ. ಅಂಬರೀಶರೇ, ನನ್ನ ಮನೆಯಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ. ಅಪ್ಪ ಹೋಟೆಲಿನಿಂದ ಸುಸ್ತಾಗಿ ಬರುವುದು, ನಾನು ಒಂದಲ್ಲ ಒಂದಕ್ಕೆ ಪಿರಿಪಿರಿ ಮಾಡುವುದು. ಇವನು ಉಂಡು ಮಲಗುವುದು. ಕುಡಿದದ್ದು ಗೊತ್ತಿರಲಿಲ್ಲ, ಅದು ಹೋಗಲಿ. ಹೀಗೆ ನಗುತ್ತಾನೆ ಅಂತಲೂ ಗೊತ್ತಿರಲಿಲ್ಲ.

ನಾನು ಬಹಳ ಹೊತ್ತು ನೋಡಿದೆ. ಸ್ಕ್ರೀನು ಕಪ್ಪಾದಾಗಲೆಲ್ಲ ಯೋಗೀಶ ಮುಟ್ಟಿ ಬೆಳಕು ಮಾಡುತ್ತಿದ್ದ.

ಅವನು ಸ್ಟೇಷನ್ ತನಕ ಬಂದ. ಲೋಕಲ್ ಬಂತು, ನಾನು ಲೇಡೀಸ್ ಡಬ್ಬಿ ಹತ್ತಿದೆ. ಆಗ ಕಿಟಕಿಯ ಹತ್ತಿರ ಬಂದು, "ಚಂಪಕ್ಕ, ಹಾಕ್ಲಿಕ್ಕೆ ಹೇಳಿ. ನನ್ನ ಹೆಸರು, ತಾರೀಖು, ಎಲ್ಲ ಹಾಕ್ಲಿ" ಅಂದ. ನಾನು, "ಅಮ್ಮನ ಹತ್ತಿರ ಕೇಳು ಮೊದಲು" ಅಂದೆ. "ಕೇಳಿದರೆ ಬೇಡ ಅಂತಾಳೆ. ಮಾಡಿದ ಮೇಲೆ ಹೇಳ್ತೇನೆ" ಅಂದ. ಗಾಡಿ ಹೊರಟಿತು.

ಅದಾಗಿ ವಾರವಾದರೂ ನಾನು ನಿಮಗೆ ಬರೆಯಲಿಲ್ಲ. ಅವನಿಗೆ ಮನಸ್ಸು ಬದಲಿಸಲು ಸಮಯ ಇರಲಿ ಅಂತ. ನಿನ್ನೆ ಅವನೇ ನಿಮ್ಮ ಒಕ್ಕಣೆಗೆ ಸಹಿ ಹಾಕಿ ತಂದು ಕೊಟ್ಟ. ಇದರಲ್ಲಿ ಇಟ್ಟಿದ್ದೇನೆ. ಫೋಟೋ ಮಾನಸಿ ಕಳಿಸುತ್ತಾಳೆ. ನಮ್ಮವರಿಗೂ ಹೇಳಿದ್ದೇನೆ. "ಗ್ಲಾಸು?" ಅಂತ ಕೇಳಿದರು. ಇರಲಿ ಅಂದೆ.

ಇಡೀ ಹಾಕಿ. ಏನೂ ಕತ್ತರಿಸಬೇಡಿ.

ಚಂಪಾ


ಮಾಜಿವಾಡಾ
೪ ಮಾರ್ಚ್ ೨೦೨೫

ಅಮ್ಮ,

ಚಿತ್ರ ಪುಟದಲ್ಲಿದೆ. ಹಾಕಿದವರು ಅನಘ. ನನಗೀಗ ಆ ಅಧಿಕಾರ ಇಲ್ಲ. ಕೆಳಗೆ 'ಚಿತ್ರ: ಯೋಗೀಶ್ ಮೆಂಡನ್, ಟಿಟ್ವಾಳಾ, ೯ ಜೂನ್ ೨೦೨೪, ಗೆಳೆಯನ ಹುಟ್ಟುಹಬ್ಬದಂದು' ಎಂದು ಬರೆದಿದ್ದಾರೆ. ಇದು ಇನ್ನು ಎಲ್ಲರದ್ದು. ಮಾಲಕರ ವಕೀಲರೂ ಬಳಸಬಹುದು, ತಡೆಯಲು ಬರುವುದಿಲ್ಲ. ಇದನ್ನು ಯೋಗೀಶ್ ಅವರಿಗೂ ಫೋನಿನಲ್ಲಿ ತಿಳಿಸಿದೆ. "ಮಾಲೂಮ್ ಹೈ" ಅಂದರು, ಗೊತ್ತು ಅಂತ.

ನಿಮಗೆ ಒಂದು ಸಂಗತಿ ಹೇಳಬೇಕು. ಜುಲೈಯಲ್ಲಿ ಆ ಚಿತ್ರ ಕತ್ತರಿಸಿದಾಗ ಕೇಕು ನನ್ನ ಕಣ್ಣಿಗೆ ಬಿದ್ದಿತ್ತು. ಹೆಸರೂ ಓದಿದ್ದೆ. ಬೇಕಾದಷ್ಟೇ ಭಾಗ ಅಂತ ನಿಯಮ, ಕೇಕು ಸುದ್ದಿಗೆ ಬೇಕಾಗಿಲ್ಲ ಅಂದುಕೊಂಡೆ. ಯಾವುದು ಬೇಕು, ಯಾವುದು ಬೇಡ ಅಂತ ಮಾಜಿವಾಡಾದಲ್ಲಿ ಕೂತು ನಾನೊಬ್ಬನೇ ಠರಾಯಿಸಿದೆ. ನೀವು ನಿಯಮವನ್ನು ಬೈದಿರಬಹುದು. ಕತ್ತರಿ ಆಡಿಸಿದ್ದು ನನ್ನ ಕೈ.

ಮುಂದಿನ ವಿಚಾರಣೆಗೆ ನಾನು ಬರಲೇ? ಹಿಂದೆ ಕೂಡುತ್ತೇನೆ, ಮಾತಾಡುವುದಿಲ್ಲ.

ಅಂಬರೀಶ


ಡೊಂಬಿವಲಿ ಪೂರ್ವ
೨೫ ಮೇ ೨೦೨೫

ಅಂಬರೀಶರೇ,

ವಿಚಾರಣೆಯ ದಿನ ಹಿಂದಿನ ಬೆಂಚಿನಲ್ಲಿ ಕನ್ನಡಕದವರೊಬ್ಬರು ಕೂತಿದ್ದರು. ಅದು ನೀವೇ ಅಂತ ನಮಗೆ ಹೊರಗೆ ಬಂದ ಮೇಲೆ ಅಂದಾಜಾಯಿತು. ಹುಡುಕಿದೆವು, ನೀವು ಹೋಗಿ ಆಗಿತ್ತು. ಹಾಗೆ ಓಡಬಾರದಿತ್ತು.

ಅಲ್ಲಿ ನಡೆದದ್ದು ನೀವೂ ನೋಡಿದ್ದೀರಿ. ಯೋಗೀಶ ಮೊಬೈಲು ತೆರೆದು ಆಫೀಸರಿಗೆ ತಾರೀಖು ತೋರಿಸಿದ. ಪಟ್ಟಿಯ ಮಾತು ಕೇಳಿದಾಗ ಅದನ್ನೂ ಸೇಠ್ ಎದುರಿಗೇ ಹೇಳಿದ. ವಕೀಲರು ಅವನನ್ನೂ ಕುಡುಕ ಅಂದರು. ಈಗ ಆಫೀಸರ ವರದಿ ಬಂದಿದೆ. ಕುಡಿದದ್ದಕ್ಕೆ ಆಧಾರ ಇಲ್ಲ, ಪಟ್ಟಿ ಸವೆದಿತ್ತು ಅಂತ ಬರೆದಿದ್ದಾರೆ. ಸೇಠ್ ಮೇಲಿನ ಕೋರ್ಟಿಗೆ ಹೋಗಿದ್ದಾರಂತೆ. ಎಷ್ಟು ವರ್ಷವೋ.

ಯೋಗೀಶನ ಕೆಲಸ ಹೋಯಿತು. ಮಾರ್ಚಿನಿಂದ ಮೊನ್ನೆವರೆಗೆ ಮನೆಯಲ್ಲೇ ಇದ್ದ. ಸುಂದರಿ ನನ್ನ ಫೋನು ತೆಗೆಯುತ್ತಿರಲಿಲ್ಲ. ಅದು ತಪ್ಪು ಅಂತ ನಾನು ಹೇಳಲಾರೆ. ಈಗ ತುರ್ಭೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸಿಕ್ಕಿದೆ, ರಾತ್ರಿ ಪಾಳಿ, ಮೊದಲಿನಷ್ಟು ಸಂಬಳ ಇಲ್ಲ. ಭಜನೆಯಲ್ಲಿ ಈಗಲೂ ಗ್ಲಾಸಿನ ಮಾತು ಬರುತ್ತದೆ. ಬರಲಿ. ನಾನು ಎದ್ದು ಬರುವುದಿಲ್ಲ.

ಕಳೆದ ಭಾನುವಾರ ಯೋಗೀಶ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ನಮ್ಮವರು ಅವನ ಹತ್ತಿರ ಕೂತು ಬಡಿಸಿದರು. ಕೈ ತೊಳೆದ ಮೇಲೆ ನಾನು ಕೇಳಿದೆ, "ಅವನು ಅಷ್ಟು ನಗ್ತಾ ಇದ್ದದ್ದು ಎಂತಕ್ಕೆ?"

ಅವನು ಮೊದಲು ಹೇಳಲು ಒಪ್ಪಲಿಲ್ಲ. ಬೇಜಾರು ಮಾಡಬಾರದು ಅಂದ. ಆಮೇಲೆ ಹೇಳಿದ. "ಆಗಷ್ಟೇ ನಿಮ್ಮ ಫೋನ್ ಬಂದಿತ್ತು. ಎಲ್ಲಿದ್ದಿ ಅಂತ ಕೇಳಿದ್ರಿ. ಅವನು ಗೋದಾಮಿನಲ್ಲಿದ್ದೇನೆ, ಸ್ಟಾಕ್ ಎಣಿಸ್ತಾ ಇದ್ದೇವೆ ಅಂದ. ಅಷ್ಟರಲ್ಲಿ ಹಿಂದೆ ಅಲ್ಲಿನ ಹಳ್ಳಿಯ ಒಂದು ಕೋಳಿ ಜೋರು ಕೂಗಿತು. ನೀವು, 'ಕಳಂಬೋಲಿಯಲ್ಲಿ ಕಬ್ಬಿಣದ ಜೊತೆ ಕೋಳಿ ಸಹ ಮಾರ್ತಾರಾ?' ಅಂದ್ರಿ. ಅವನು ಫೋನಿಟ್ಟು, 'ಅಮ್ಮನ ಕೈಯಿಂದ ತಪ್ಪಿಸಿಕೊಳ್ಲಿಕ್ಕೆ ಆಗೂದಿಲ್ಲ ಮಾರಾಯಾ' ಅಂತ ನಕ್ಕದ್ದು. ನಾನು ಅದೇ ಹೊತ್ತಿಗೆ ಕ್ಲಿಕ್ ಮಾಡಿದೆ."

ನಮ್ಮವರು ನನ್ನ ಮುಖ ನೋಡಿದರು. ನನಗೆ ಆ ಫೋನು ಚೆನ್ನಾಗಿ ನೆನಪಿದೆ ಅಂಬರೀಶರೇ. ಸುಳ್ಳು ಹೇಳುತ್ತಾನೆ ಅಂತ ಸಿಟ್ಟು ಬಂದು, ಅವನಿಗೆ ಎತ್ತಿಟ್ಟ ಪಲ್ಯವನ್ನು ಪಕ್ಕದವರಿಗೆ ಕೊಟ್ಟಿದ್ದೆ. ಸಂಜೆ ಅವನು ಬಂದಾಗ ಮಾತೇ ಆಡಿರಲಿಲ್ಲ.

ನೀವು ಒಮ್ಮೆ ಮನೆಗೆ ಬನ್ನಿ. ನಮ್ಮವರೂ ಹೇಳಿದ್ದಾರೆ. ಸ್ಟೇಷನ್ನಿಂದ ನಡೆಯುವಷ್ಟೇ ದೂರ. ಗೋಡೆಯಲ್ಲಿ ಈಗ ಕೋಟಿನ ಫೋಟೋ ಇಲ್ಲ.

ಇಂತಿ,
ಕೌಶಲನ ಅಮ್ಮ
ಚಂಪಾ